ನಡೆಸುವವರಿಗೇ ಹೇಳದ ಬದಲಾವಣೆ: ಬೆಂಗಳೂರಿನ ಎ320ಯಿಂದ ಬೋಯಿಂಗ್ ಮ್ಯಾಕ್ಸ್‌ವರೆಗೆ

ಸಿಂಗಾಪುರ ಎಂದ ಕೂಡಲೇ ನಮ್ಮ ಓದುಗರಲ್ಲಿ ಹಲವರಿಗೆ ಸಮುದ್ರದಾಚೆಯ ದೇಶ ನೆನಪಾಗುತ್ತದೆ. ನಾವು ಹೇಳುತ್ತಿರುವುದು ಬೆಂಗಳೂರು ಉತ್ತರದ ಸಿಂಗಾಪುರ, ವಿದ್ಯಾರಣ್ಯಪುರದ ಮಗ್ಗುಲಿನ ಊರು. ಕೆರೆ, ಹೊಲ ಎಂದಿದ್ದ ಊರು ಈಗ ನಗರದೊಳಗೆ ಸೇರಿಹೋಗಿದೆ. ಒಂದು ಕಡೆ ಜಾಲಹಳ್ಳಿಯ ವಾಯುಪಡೆ ಠಾಣೆ, ಇನ್ನೊಂದು ಕಡೆ ಯಲಹಂಕದ ವಾಯುನೆಲೆ. ತಲೆಯ ಮೇಲೆ ವಿಮಾನದ ಸದ್ದು ಇಲ್ಲಿ ಹೊಸದಲ್ಲ.

ಇಲ್ಲಿಂದ ಪೀಣ್ಯದ ಕಡೆ ತಿರುಗಿದರೆ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆಗಳು ಸಿಗುತ್ತವೆ. ದೇವನಹಳ್ಳಿ ಕಡೆ ಹೋದರೆ ಏರೋಸ್ಪೇಸ್ ಪಾರ್ಕ್. ಅಲ್ಲಿ ಅಮೆರಿಕದ ಬೋಯಿಂಗ್ ಕಂಪನಿಯ 43 ಎಕರೆಯ ಎಂಜಿನಿಯರಿಂಗ್ ಕ್ಯಾಂಪಸ್ ಇದೆ. ₹1,600 ಕೋಟಿ ವೆಚ್ಚದ ಆ ಕ್ಯಾಂಪಸ್ಸನ್ನು ಪ್ರಧಾನಿ ನರೇಂದ್ರ ಮೋದಿ 2024ರ ಜನವರಿ 19ರಂದು ಉದ್ಘಾಟಿಸಿದರು.

ಅದಕ್ಕೆ ಸರಿಯಾಗಿ 14 ದಿನ ಹಿಂದೆ, ಜನವರಿ 5ರಂದು, ಅಮೆರಿಕದಲ್ಲಿ ಇದೇ ಕಂಪನಿಯ ಹೊಸ ವಿಮಾನವೊಂದರ ಗೋಡೆಯ ಒಂದು ಭಾಗ ಆಕಾಶದಲ್ಲೇ ಕಿತ್ತುಹೋಗಿತ್ತು. ಅದಕ್ಕೂ ಮೊದಲು ಅದೇ ಮಾದರಿಯ ಎರಡು ವಿಮಾನಗಳು ಬಿದ್ದು 346 ಜನ ಸತ್ತಿದ್ದರು. ಲೋಕದಲ್ಲೇ ದೊಡ್ಡ ಹೆಸರಿದ್ದ ಕಂಪನಿ ಈ ಸ್ಥಿತಿಗೆ ಹೇಗೆ ಬಂತು? ಇದನ್ನು ತಿಳಿಯಲು ಅಮೆರಿಕದಿಂದ ಶುರು ಮಾಡಬೇಕಿಲ್ಲ. ಬೆಂಗಳೂರಿನಿಂದಲೇ ಶುರು ಮಾಡೋಣ. ಏಕೆಂದರೆ ಹೊಸ ಬಗೆಯ ವಿಮಾನ, ಅದನ್ನು ಪೂರ್ತಿ ಅರಿಯದ ಪೈಲಟ್‌ಗಳು, ಆಮೇಲೆ ತಪ್ಪು ಯಾರದು ಎಂಬ ಜಗಳ, ಇವೆಲ್ಲವನ್ನೂ ನಮ್ಮ ರಾಜಧಾನಿ 1990ರಲ್ಲೇ ಕಂಡಿದೆ.

ಫೆಬ್ರವರಿ 14, 1990

ಆಗ ಬೆಂಗಳೂರಿಗೆ ವಿಮಾನಗಳು ಇಳಿಯುತ್ತಿದ್ದದ್ದು ಎಚ್‌ಎಎಲ್ ನಿಲ್ದಾಣದಲ್ಲಿ. ದೇವನಹಳ್ಳಿಯ ನಿಲ್ದಾಣ ಶುರುವಾಗಿದ್ದು 2008ರ ಮೇ ತಿಂಗಳಲ್ಲಿ. ಆ ಬುಧವಾರ ಮಧ್ಯಾಹ್ನ ಬಾಂಬೆಯಿಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ನಂಬರಿನ ವಿಮಾನ ಬರುತ್ತಿತ್ತು. ಅದರಲ್ಲಿ ಪ್ರಯಾಣಿಕರು, ಸಿಬ್ಬಂದಿ ಸೇರಿ 146 ಜನ. ಆಕಾಶ ಶುಭ್ರವಾಗಿತ್ತು. ವಿಮಾನ ಹೊಚ್ಚ ಹೊಸದು, ಫ್ರಾನ್ಸ್‌ನಿಂದ ಬಂದು ಎರಡು ತಿಂಗಳೂ ಆಗಿರಲಿಲ್ಲ.

ರನ್‌ವೇ ಇನ್ನೂ ದೂರ ಇರುವಾಗಲೇ ವಿಮಾನ ಗಾಲ್ಫ್ ಮೈದಾನದ ಹುಲ್ಲಿಗೆ ತಾಗಿತು. ಒಮ್ಮೆ ಪುಟಿದು ಮತ್ತೆ ನೆಲಕ್ಕೆ ಬಿದ್ದು, ಮಣ್ಣಿನ ದಿಬ್ಬಕ್ಕೆ ಬಡಿದು ಬೆಂಕಿ ಹೊತ್ತಿಕೊಂಡಿತು. 92 ಜನ ಸತ್ತರು, 54 ಜನ ಬದುಕಿದರು.

ಬಿದ್ದ ವಿಮಾನ ಏರ್‌ಬಸ್ ಕಂಪನಿಯ ಎ320. 1988ರಲ್ಲಿ ಸೇವೆಗೆ ಬಂದ ಈ ಮಾದರಿ ಹಳೆಯ ವಿಮಾನಗಳ ಹಾಗಿರಲಿಲ್ಲ. ಹಳೆಯದರಲ್ಲಿ ಪೈಲಟ್ ಎಳೆದ ಹಿಡಿಕೆಯ ಬಲ ಕೇಬಲ್ಲು, ಹೈಡ್ರಾಲಿಕ್ ಮೂಲಕ ರೆಕ್ಕೆ ಬಾಲಗಳಿಗೆ ಮುಟ್ಟುತ್ತಿತ್ತು. ಎ320ಯಲ್ಲಿ ಪೈಲಟ್ ಒಂದು ಪುಟ್ಟ ಕಡ್ಡಿಯಂಥ ಹಿಡಿಕೆಯನ್ನು ಆಡಿಸುತ್ತಾರೆ, ಅದನ್ನು ಕಂಪ್ಯೂಟರ್ ಓದಿ ರೆಕ್ಕೆಗೆ ಆಜ್ಞೆ ಕೊಡುತ್ತದೆ. 1988ರ ಜೂನ್‌ನಲ್ಲೇ ಫ್ರಾನ್ಸ್‌ನ ಆಬ್ಸೈಮ್‌ನಲ್ಲಿ ಪ್ರದರ್ಶನ ಹಾರಾಟದ ವೇಳೆ ಒಂದು ಎ320 ಮರಗಳಿಗೆ ನುಗ್ಗಿ ಮೂವರು ಸತ್ತಿದ್ದರು. ಬೆಂಗಳೂರಿನದು ಎರಡನೆಯ ದುರಂತ.

ಆಡದ ಥ್ರಾಟಲ್

ಆ ದಿನ ಆದದ್ದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹೀಗೆ. ವಿಮಾನ ಇಳಿಯುವಾಗ ಎಂಜಿನ್‌ಗೆ ತಕ್ಕಷ್ಟು ಶಕ್ತಿ ಇರಬೇಕು. ಕೊನೆಯ ಘಳಿಗೆಯಲ್ಲಿ ಆ ಎ320ಯ ಕಂಪ್ಯೂಟರ್ ‘ಐಡಲ್ ಓಪನ್ ಡಿಸೆಂಟ್’ ಎಂಬ ಸ್ಥಿತಿಯಲ್ಲಿತ್ತು. ಅಂದರೆ ಎಂಜಿನ್ ನಿಂತಲ್ಲೇ ಗುರುಗುಟ್ಟುವಷ್ಟು ಶಕ್ತಿಯಲ್ಲಿ ವಿಮಾನ ಕೆಳಗಿಳಿಯುತ್ತಿತ್ತು. ವೇಗ ಇಳಿಯುತ್ತಾ ಹೋಯಿತು. ನೆಲದಿಂದ 400 ಅಡಿ, 300 ಅಡಿ, 200 ಅಡಿ ಎಂದು ಯಂತ್ರವೇ ಕೂಗಿ ಹೇಳಿತು. ಪೈಲಟ್‌ಗಳು ಥ್ರಾಟಲ್ ಮುಂದಕ್ಕೆ ತಳ್ಳುವ ಹೊತ್ತಿಗೆ ತಡವಾಗಿತ್ತು. ಜೆಟ್ ಎಂಜಿನ್ ಐಡಲ್‌ನಿಂದ ಪೂರ್ಣ ಶಕ್ತಿಗೆ ಏರಲು ಕೆಲವು ಸೆಕೆಂಡ್ ಬೇಕು. ಆ ಸೆಕೆಂಡುಗಳು ಉಳಿದಿರಲಿಲ್ಲ.

ಟ್ರ್ಯಾಕ್ಟರ್ ಓಡಿಸುವವರಿಗೆ ಕೈ ಥ್ರಾಟಲ್ ಗೊತ್ತು. ಅದು ಎಲ್ಲಿದೆ ಎಂದು ಕಣ್ಣು ಹಾಯಿಸಿದರೆ ಸಾಕು, ಎಂಜಿನ್ ಎಷ್ಟು ಏರಿದೆ ಎಂದು ತಿಳಿಯುತ್ತದೆ. ಹಳೆಯ ವಿಮಾನಗಳಲ್ಲೂ ಹಾಗೆಯೇ, ಆಟೊಮ್ಯಾಟಿಕ್ ವ್ಯವಸ್ಥೆ ಎಂಜಿನ್ ಶಕ್ತಿ ಇಳಿಸಿದರೆ ಥ್ರಾಟಲ್ ತಾನೇ ಹಿಂದಕ್ಕೆ ಸರಿಯುತ್ತಿತ್ತು, ಅದರ ಮೇಲಿದ್ದ ಕೈಗೆ ಗೊತ್ತಾಗುತ್ತಿತ್ತು. ಎ320ಯಲ್ಲಿ ಕಂಪ್ಯೂಟರ್ ಶಕ್ತಿ ಏರಿಸಲಿ, ಇಳಿಸಲಿ, ಥ್ರಾಟಲ್ ಮಾತ್ರ ಇದ್ದಲ್ಲೇ ಇರುತ್ತದೆ. ಕೈಗೆ ಏನೂ ತಿಳಿಯದು, ಪರದೆ ನೋಡಿಯೇ ತಿಳಿಯಬೇಕು. ಹಳೆಯ ವಿಮಾನ ಓಡಿಸಿ ಪಳಗಿದ ಕೈಗಳಿಗೆ ಇದು ದೊಡ್ಡ ಬದಲಾವಣೆ.

ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ತನಿಖಾ ನ್ಯಾಯಾಲಯ ಕೂತಿತು. ಪೈಲಟ್‌ಗಳು ಪರಿಸ್ಥಿತಿಯ ಗಂಭೀರತೆ ಅರಿತು ಕೂಡಲೇ ಥ್ರಾಟಲ್ ತಳ್ಳದೇ ಹೋದದ್ದು ಕಾರಣ ಎಂದು ವರದಿ ಹೇಳಿತು. ಆದರೆ ಅಷ್ಟು ಕೆಳಗೆ ಬಂದಾಗ ವಿಮಾನ ಆ ಸ್ಥಿತಿಗೆ ಹೋದದ್ದಾದರೂ ಏಕೆ ಎಂಬುದನ್ನು ಗುರುತಿಸಲು ಸಾಧ್ಯವಿಲ್ಲ ಎಂದೂ ಅದೇ ವರದಿ ಹೇಳಿತು. ಇಳಿಯುವ ವೇಗ ತಿರುಗಿಸುವ ಗುಂಡಿಯ ಬದಲು ಎತ್ತರ ತಿರುಗಿಸುವ ಗುಂಡಿಗೆ ಕೈ ಹೋಗಿರಬಹುದೇ ಎಂಬುದು ಆಗ ಚರ್ಚೆಯಾದ ಒಂದು ಸಾಧ್ಯತೆ. ಎರಡೂ ಗುಂಡಿಗಳು ಒಂದೇ ಪಟ್ಟಿಯಲ್ಲಿವೆ.

ಏರ್‌ಬಸ್‌ಗೆ ಆಗ ಕಷ್ಟದ ಕಾಲ. ಕೇಂದ್ರದಲ್ಲಿದ್ದ ವಿ.ಪಿ. ಸಿಂಗ್ ಸರ್ಕಾರ ಇಂಡಿಯನ್ ಏರ್‌ಲೈನ್ಸ್‌ನ ಎ320ಗಳನ್ನೆಲ್ಲ ನೆಲಕ್ಕಿಳಿಸಿ ತಿಂಗಳುಗಟ್ಟಲೆ ನಿಲ್ಲಿಸಿತು. ಹಿಂದೆ ಬೋಯಿಂಗ್ ಕೊಳ್ಳಲು ಹೊರಟಿದ್ದ ಸಂಸ್ಥೆ ಏಕಾಏಕಿ ಏರ್‌ಬಸ್ ಕಡೆ ತಿರುಗಿ 31 ವಿಮಾನಗಳಿಗೆ ಒಪ್ಪಂದ ಮಾಡಿಕೊಂಡಿದ್ದರ ಮೇಲೆ ಅದೇ ವರ್ಷ ಸಿಬಿಐ ಪ್ರಕರಣವೂ ದಾಖಲಾಯಿತು.

1992ರ ಜನವರಿ 20ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ320 ಬೆಟ್ಟಕ್ಕೆ ಬಡಿದು 87 ಜನ ಸತ್ತರು. ಅಲ್ಲಿ ತನಿಖೆಯ ಕಣ್ಣಿಗೆ ಬಿದ್ದದ್ದು ಒಂದು ಪುಟ್ಟ ಕಿಟಕಿಯಂಥ ಪರದೆ. ಇಳಿಯುವ ಕೋನ 3.3 ಡಿಗ್ರಿ ಎಂದು ಕೊಡಬೇಕಾದಲ್ಲಿ, ಬೇರೆ ಸ್ಥಿತಿಯಲ್ಲಿದ್ದ ಯಂತ್ರ ಅದನ್ನು ನಿಮಿಷಕ್ಕೆ 3,300 ಅಡಿ ಎಂದು ಓದಿಕೊಂಡಿರುವ ಸಾಧ್ಯತೆ ಹೆಚ್ಚು ಎಂದು ತನಿಖೆ ಹೇಳಿತು. ಪರದೆಯ ಮೇಲೆ ಎರಡಕ್ಕೂ ಕಾಣುತ್ತಿದ್ದದ್ದು 33 ಎಂಬ ಅಂಕಿಗಳೇ. ಆಮೇಲೆ ಏರ್‌ಬಸ್ ಇಳಿಯುವ ವೇಗವನ್ನು ನಾಲ್ಕು ಅಂಕಿಗಳಲ್ಲಿ ತೋರಿಸುವಂತೆ ಪರದೆಯನ್ನು ಬದಲಿಸಿತು. ಪೈಲಟ್‌ಗೆ ಗೊಂದಲ ಆಯಿತೆಂದರೆ ಗೊಂದಲ ಮಾಡುವ ವಸ್ತುವನ್ನೂ ಸರಿಪಡಿಸಬೇಕು ಎಂಬ ಪಾಠ ಇಷ್ಟು ಜೀವ ಹೋದ ಮೇಲೆ ಸಿಕ್ಕಿತು. ಇವತ್ತು ದೇವನಹಳ್ಳಿಯಿಂದ ಏಳುವ ಇಂಡಿಗೋ ವಿಮಾನಗಳಲ್ಲಿ ಹೆಚ್ಚಿನವು ಇದೇ ಎ320 ಬಳಗದವು.

ಬೋಯಿಂಗ್ ಓಟ

ಈಗ ಬೋಯಿಂಗ್ ಕಡೆ ಬರೋಣ. ಅದರ 737 ಮಾದರಿ ಮೊದಲು ಹಾರಿದ್ದು 1967ರಲ್ಲಿ. 1997ರಲ್ಲಿ ಬೋಯಿಂಗ್ ಇನ್ನೊಂದು ವಿಮಾನ ಕಂಪನಿ ಮ್ಯಾಕ್‌ಡೊನೆಲ್ ಡಗ್ಲಾಸನ್ನು ತನ್ನೊಳಗೆ ಸೇರಿಸಿಕೊಂಡಿತು. 2001ರಲ್ಲಿ ಮುಖ್ಯ ಕಚೇರಿ ವಿಮಾನ ಕಟ್ಟುವ ಸಿಯಾಟಲ್ ಬಿಟ್ಟು ದೂರದ ಶಿಕಾಗೊಗೆ ಹೋಯಿತು. ಎಂಜಿನಿಯರುಗಳ ಮಾತಿಗಿಂತ ಷೇರು ಬೆಲೆಯ ಮಾತಿಗೆ ತೂಕ ಹೆಚ್ಚಿದ್ದು ಆಗಿನಿಂದ ಎಂದು ಕಂಪನಿಯನ್ನು ಬಲ್ಲ ಅನೇಕರು ಹೇಳುತ್ತಾರೆ.

2010ರ ಡಿಸೆಂಬರ್‌ನಲ್ಲಿ ಏರ್‌ಬಸ್ ಕಡಿಮೆ ಇಂಧನ ಕುಡಿಯುವ ಎಂಜಿನ್ ಹಾಕಿದ ‘ಎ320 ನಿಯೊ’ ಪ್ರಕಟಿಸಿತು. ಮರುವರ್ಷ ಬೋಯಿಂಗ್‌ನ ಹಳೆಯ ಗಿರಾಕಿ ಅಮೆರಿಕನ್ ಏರ್‌ಲೈನ್ಸ್ ಕೂಡ ಏರ್‌ಬಸ್‌ಗೆ ದೊಡ್ಡ ಆರ್ಡರ್ ಕೊಟ್ಟಿತು. ಬೋಯಿಂಗ್‌ಗೆ ಹೊಸ ವಿಮಾನ ರೂಪಿಸಲು ಪುರುಸೊತ್ತಿರಲಿಲ್ಲ. ಹಳೆಯ 737ಕ್ಕೇ ದೊಡ್ಡ ಎಂಜಿನ್ ಕೂರಿಸಿ ‘737 ಮ್ಯಾಕ್ಸ್’ ಎಂದಿತು.

737ರ ಹೊಟ್ಟೆ ನೆಲಕ್ಕೆ ಹತ್ತಿರ, ದೊಡ್ಡ ಎಂಜಿನ್‌ಗೆ ಕೆಳಗೆ ಜಾಗ ಸಾಲದು. ಹಾಗಾಗಿ ಎಂಜಿನ್‌ಗಳನ್ನು ಮುಂದಕ್ಕೂ ಮೇಲಕ್ಕೂ ಸರಿಸಿದರು. ಇದರಿಂದ ಕೆಲವು ಸಂದರ್ಭಗಳಲ್ಲಿ ವಿಮಾನದ ಮೂತಿ ಬೇಕಾದ್ದಕ್ಕಿಂತ ಹೆಚ್ಚು ಮೇಲೇಳುವ ಸ್ವಭಾವ ಬಂತು. ಅದನ್ನು ಹದ್ದುಬಸ್ತಿನಲ್ಲಿಡಲು ಒಂದು ಸಾಫ್ಟ್‌ವೇರ್ ಹಾಕಿದರು, ಅದರ ಹೆಸರು ಎಂಕ್ಯಾಸ್. ಮೂತಿ ಹೆಚ್ಚು ಮೇಲೆದ್ದಿದೆ ಎಂದು ಸೆನ್ಸರ್ ಹೇಳಿದರೆ ಪೈಲಟ್‌ನನ್ನು ಕೇಳದೆ ಮೂತಿಯನ್ನು ಕೆಳಗೆ ತಳ್ಳುವುದು ಅದರ ಕೆಲಸ.

ಇದರಲ್ಲಿ ಎರಡು ದೊಡ್ಡ ತಪ್ಪುಗಳಿದ್ದವು. ಮೊದಲನೆಯದು, ಎರಡು ಸೆನ್ಸರ್ ಇದ್ದರೂ ಎಂಕ್ಯಾಸ್ ಒಂದರ ಮಾತನ್ನು ಮಾತ್ರ ಕೇಳುತ್ತಿತ್ತು. ಮನೆಯ ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಹಾಕಿದವರಿಗೆ ಇದು ಅರ್ಥವಾಗುತ್ತದೆ. ಆ ಒಂದು ಸ್ವಿಚ್ ಕೆಟ್ಟರೆ ಟ್ಯಾಂಕ್ ತುಂಬಿ ಹರಿದರೂ ಮೋಟರ್ ಓಡುತ್ತಲೇ ಇರುತ್ತದೆ. ಎರಡನೆಯದು ಇನ್ನೂ ಘೋರ. ಎಂಕ್ಯಾಸ್ ಎಂಬುದು ಇದೆ ಎಂದೇ ಪೈಲಟ್‌ಗಳ ಕೈಪಿಡಿಯಲ್ಲಿ ಬರೆಯಲಿಲ್ಲ.

ಏಕೆ ಬರೆಯಲಿಲ್ಲ? ಬರೆದರೆ ಹೊಸ ತರಬೇತಿ ಬೇಕಾಗಬಹುದು, ತರಬೇತಿಗೆ ಖರ್ಚು, ಖರ್ಚಾದರೆ ಗಿರಾಕಿ ಏರ್‌ಬಸ್‌ಗೆ ಹೋಗಬಹುದು. ಹಳೆಯ 737 ಓಡಿಸುವವರು ಕಂಪ್ಯೂಟರ್ ಮುಂದೆ ಸ್ವಲ್ಪ ಹೊತ್ತು ಕೂತು ಪಾಠ ಓದಿದರೆ ಸಾಕು, ಸಿಮ್ಯುಲೇಟರ್ ತರಬೇತಿ ಬೇಡ ಎಂಬುದೇ ಮ್ಯಾಕ್ಸ್‌ನ ಮಾರಾಟದ ಮಾತಾಗಿತ್ತು. ಸಿಮ್ಯುಲೇಟರ್ ತರಬೇತಿ ಬೇಕಾದರೆ ವಿಮಾನವೊಂದಕ್ಕೆ 10 ಲಕ್ಷ ಡಾಲರ್ ಕಡಿಮೆ ಮಾಡುವುದಾಗಿ ಸೌತ್‌ವೆಸ್ಟ್ ಸಂಸ್ಥೆಗೆ ಬೋಯಿಂಗ್ ಬರೆದುಕೊಟ್ಟಿತ್ತು ಎಂಬುದು ಆಮೇಲೆ ಅಮೆರಿಕದ ಸಂಸತ್ತಿನ ತನಿಖೆಯಲ್ಲಿ ಹೊರಬಂತು. ಇಂಡೊನೇಷ್ಯಾದ ಲಯನ್ ಏರ್ ತನ್ನ ಪೈಲಟ್‌ಗಳಿಗೆ ಸಿಮ್ಯುಲೇಟರ್ ತರಬೇತಿ ಬೇಕೆಂದು ಕೇಳಿದಾಗ ಬೇಡವೆಂದು ಒಪ್ಪಿಸಿದ್ದೂ ಬೋಯಿಂಗ್‌ನವರೇ.

ಎರಡು ವಿಮಾನ, 346 ಜೀವ

2018ರ ಅಕ್ಟೋಬರ್ 29ರಂದು ಅದೇ ಲಯನ್ ಏರ್‌ನ ಮ್ಯಾಕ್ಸ್ ವಿಮಾನ ಜಕಾರ್ತದಿಂದ ಎದ್ದ ಕೆಲವೇ ನಿಮಿಷಗಳಲ್ಲಿ ಸಮುದ್ರಕ್ಕೆ ಬಿತ್ತು. 189 ಜನ ಸತ್ತರು. ವಿಮಾನದ ಕ್ಯಾಪ್ಟನ್ ಭವ್ಯೆ ಸುನೇಜಾ ದೆಹಲಿಯವರು. ಆ ವಿಮಾನಕ್ಕೆ ಹಾಕಿದ್ದ ಸೆನ್ಸರ್ ಅಮೆರಿಕದ ವರ್ಕ್‌ಶಾಪ್ ಒಂದರಲ್ಲಿ ರಿಪೇರಿಯಾಗಿ ಬಂದದ್ದು. ಅದು 21 ಡಿಗ್ರಿ ತಪ್ಪು ತೋರಿಸುತ್ತಿತ್ತು. ಹಿಂದಿನ ದಿನವೇ ಅದೇ ವಿಮಾನ ಹಾಗೆಯೇ ಮೂತಿ ತಗ್ಗಿಸಿತ್ತು. ಅಂದು ಕಾಕ್‌ಪಿಟ್‌ನಲ್ಲಿ ಸುಮ್ಮನೆ ಕೂತು ಪ್ರಯಾಣಿಸುತ್ತಿದ್ದ ಮೂರನೆಯ ಪೈಲಟ್ ಒಬ್ಬರ ನೆರವಿನಿಂದ ಸ್ವಿಚ್ ಆಫ್ ಮಾಡಿ ಹೇಗೋ ಇಳಿಸಿದ್ದರು. ಏನಾಯಿತು, ಏನು ಮಾಡಿ ಪಾರಾದರು ಎಂಬ ಪೂರ್ತಿ ವಿಷಯ ಮರುದಿನದ ಪೈಲಟ್‌ಗಳನ್ನು ತಲುಪಲಿಲ್ಲ.

2019ರ ಮಾರ್ಚ್ 10ರಂದು ಇಥಿಯೋಪಿಯನ್ ಏರ್‌ಲೈನ್ಸ್‌ನ ಮ್ಯಾಕ್ಸ್ ಬಿದ್ದು 157 ಜನ ಸತ್ತರು. ಅವರಲ್ಲಿ ನಾಲ್ವರು ಭಾರತೀಯರು. ಲಯನ್ ಏರ್ ದುರಂತದ ನಂತರ ಬೋಯಿಂಗ್ ಕೊಟ್ಟಿದ್ದ ಸೂಚನೆಯಂತೆ ಈ ಪೈಲಟ್‌ಗಳು ಸ್ವಿಚ್ ಆಫ್ ಮಾಡಿದ್ದರು. ಆದರೆ ಅಷ್ಟು ವೇಗದಲ್ಲಿ ಕೈಚಕ್ರ ತಿರುಗಿಸಿ ಮೂತಿ ಎತ್ತಲು ಅವರಿಂದ ಆಗಲಿಲ್ಲ.

ಮೊದಲ ದುರಂತವಾದಾಗ ‘ಬಡ ದೇಶದ ಪೈಲಟ್‌ಗಳು, ತರಬೇತಿ ಸಾಲದು’ ಎಂಬ ಮಾತು ಅಮೆರಿಕದಲ್ಲಿ ಜೋರಾಗಿತ್ತು. ಎರಡನೆಯದಾದ ಮೇಲೆ ಆ ಮಾತು ನಿಲ್ಲಲಿಲ್ಲವಾದರೂ ನಂಬುವವರು ಕಡಿಮೆಯಾದರು. ಚೀನಾ ಮೊದಲು ಮ್ಯಾಕ್ಸ್‌ಗಳನ್ನು ನಿಲ್ಲಿಸಿತು. ನಮ್ಮ ಡಿಜಿಸಿಎ ಮಾರ್ಚ್ 12ರಂದು ತೀರ್ಮಾನ ತೆಗೆದುಕೊಂಡಿತು. ತಯಾರಿಸಿದ ದೇಶವಾದ ಅಮೆರಿಕ ಆದೇಶ ಹೊರಡಿಸಿದ್ದು 13ರಂದು, ಹೆಚ್ಚುಕಮ್ಮಿ ಎಲ್ಲರ ನಂತರ. ಅಲ್ಲಿ ಅವು ಮತ್ತೆ ಹಾರಲು ಅನುಮತಿ ಸಿಕ್ಕಿದ್ದು 2020ರ ನವೆಂಬರ್‌ನಲ್ಲಿ, ಭಾರತದಲ್ಲಿ 2021ರ ಆಗಸ್ಟ್‌ನಲ್ಲಿ.

ಉಳಿಸಿದ ಹಣ, ತೆತ್ತ ಬೆಲೆ

ತರಬೇತಿಯ ಖರ್ಚು ಉಳಿಸಲು ಹೋದ ಕಂಪನಿ ಏನು ತೆತ್ತಿತು ನೋಡಿ. ಮುಖ್ಯಸ್ಥ ಡೆನಿಸ್ ಮ್ಯುಲೆನ್‌ಬರ್ಗ್ 2019ರ ಡಿಸೆಂಬರ್‌ನಲ್ಲಿ ಹುದ್ದೆ ಕಳೆದುಕೊಂಡರು. ನಿಯಂತ್ರಣ ಸಂಸ್ಥೆಗೆ ಮೋಸ ಮಾಡಿದ ಆರೋಪಕ್ಕೆ 2021ರ ಜನವರಿಯಲ್ಲಿ 250 ಕೋಟಿ ಡಾಲರ್ ಕಟ್ಟಲು ಕಂಪನಿ ಒಪ್ಪಿತು. ಇಷ್ಟಾದ ಮೇಲಾದರೂ ಕಾರ್ಖಾನೆ ಸರಿಹೋಯಿತೇ ಎಂದರೆ, ಇಲ್ಲ.

2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸ್‌ನ ಮ್ಯಾಕ್ಸ್ ಸುಮಾರು 16,000 ಅಡಿ ಎತ್ತರದಲ್ಲಿದ್ದಾಗ, ಬಾಗಿಲಿನ ಜಾಗಕ್ಕೆ ಮುಚ್ಚಿದ್ದ ಫಲಕ ಕಿತ್ತು ಹೊರಗೆ ಹಾರಿತು. ಅದರ ಪಕ್ಕದ ಸೀಟುಗಳು ಪುಣ್ಯಕ್ಕೆ ಖಾಲಿ ಇದ್ದವು. ಯಾರೂ ಸಾಯಲಿಲ್ಲ. ತನಿಖೆ ಮಾಡಿದಾಗ ಕಂಡದ್ದು, ಫಲಕವನ್ನು ಹಿಡಿದಿಡಬೇಕಿದ್ದ 4 ಬೋಲ್ಟುಗಳು ಇರಲೇ ಇಲ್ಲ. ಕಾರ್ಖಾನೆಯಲ್ಲಿ ಕೆಲವು ರಿವೆಟ್ ಸರಿಪಡಿಸಲು ಫಲಕ ಬಿಚ್ಚಿದ್ದರು. ಬಿಚ್ಚಿದ್ದಕ್ಕೆ ದಾಖಲೆ ಬರೆಯಲಿಲ್ಲ. ದಾಖಲೆ ಇಲ್ಲವಾದ್ದರಿಂದ ಬೋಲ್ಟು ಮತ್ತೆ ಹಾಕಿದರೇ ಎಂದು ಪರೀಕ್ಷಿಸುವ ಕೆಲಸವೂ ಯಾರ ಪಾಲಿಗೂ ಬರಲಿಲ್ಲ. ಬಾಗಿಲಿನ ತಂಡದಲ್ಲಿ ಆ ಕೆಲಸದ ಅನುಭವ ಇದ್ದದ್ದು ಒಬ್ಬರಿಗೆ, ಅವರು ಆಗ ರಜೆಯಲ್ಲಿದ್ದರು. ತಪ್ಪು ಒಬ್ಬ ಕೆಲಸಗಾರನದ್ದಲ್ಲ, ಸರಿಯಾದ ತರಬೇತಿ, ಮಾರ್ಗದರ್ಶನ, ಮೇಲ್ವಿಚಾರಣೆ ಕೊಡದ ಕಂಪನಿಯದ್ದು ಎಂದು ಅಮೆರಿಕದ ತನಿಖಾ ಮಂಡಳಿ 2025ರಲ್ಲಿ ತೀರ್ಮಾನಿಸಿತು.

ತಿಂಗಳಿಗೆ 38ಕ್ಕಿಂತ ಹೆಚ್ಚು ಮ್ಯಾಕ್ಸ್ ಕಟ್ಟಬಾರದೆಂದು ಸರ್ಕಾರ ಮಿತಿ ಹಾಕಿತು. ಅದೇ ವರ್ಷ 33,000 ಕಾರ್ಮಿಕರು ಏಳು ವಾರ ಮುಷ್ಕರ ಹೂಡಿದರು. 2024ರಲ್ಲಿ ಕಂಪನಿಯ ನಷ್ಟ ಸುಮಾರು 1,180 ಕೋಟಿ ಡಾಲರ್.

ನಮ್ಮ ಅಂಗಳದಲ್ಲಿ

ಇದು ಹೊರಗಿನವರ ಕಥೆ ಮಾತ್ರ ಎಂದು ಎದೆ ತಟ್ಟಿಕೊಳ್ಳುವಂತಿಲ್ಲ. ನಮ್ಮದೇ ಎಚ್‌ಎಎಲ್ ಈಕ್ವೆಡಾರ್ ದೇಶಕ್ಕೆ 7 ಧ್ರುವ ಹೆಲಿಕಾಪ್ಟರ್ ಮಾರಿತ್ತು. ಅವುಗಳಲ್ಲಿ 4 ಬಿದ್ದವು, 2015ರಲ್ಲಿ ಆ ದೇಶ ಒಪ್ಪಂದವನ್ನೇ ರದ್ದು ಮಾಡಿತು. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಬಿದ್ದು ಮೂವರು ಸತ್ತಾಗ ದೇಶದ ಧ್ರುವಗಳೆಲ್ಲ ತಿಂಗಳುಗಟ್ಟಲೆ ನೆಲದಲ್ಲೇ ನಿಂತವು.

ಪೈಲಟ್ ತಪ್ಪೇ ಮಾಡುವುದಿಲ್ಲ ಎಂದೂ ನಾವು ಹೇಳುವುದಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತ ದುರಂತದಲ್ಲಿ, ಇಳಿಯುವ ಪ್ರಯತ್ನ ಬಿಟ್ಟು ಮತ್ತೆ ಮೇಲೇರದ ಕ್ಯಾಪ್ಟನ್‌ನ ತೀರ್ಮಾನವೇ ಕಾರಣ ಎಂದು ತನಿಖೆ ಹೇಳಿತು. ಆದರೆ ತನಿಖೆ ಮುಗಿಯುವ ಮೊದಲೇ ಸತ್ತ ಪೈಲಟ್ ಮೇಲೆ ಹೊರಿಸಿ ಕೈ ತೊಳೆದುಕೊಳ್ಳುವ ಅವಸರವನ್ನು ನಾವು ಒಪ್ಪಬಾರದು. 2025ರ ಜೂನ್ 12ರ ಅಹಮದಾಬಾದ್ ದುರಂತದ ಪ್ರಾಥಮಿಕ ವರದಿ ಬಂದ ದಿನ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ತೀರ್ಪುಗಳನ್ನು ನೆನೆಸಿಕೊಳ್ಳಿ.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಇದೇ ಏರೋಸ್ಪೇಸ್ ಉದ್ಯಮದ ಹೆಸರಲ್ಲಿ ಕೇಳಿದ್ದರು. ರೈತರು ಸಾವಿರ ದಿನಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಡುವುದಾಗಿ ಹೇಳಿದರು. ಅದಕ್ಕೂ ಮೊದಲೇ ಹೋದ ಜಮೀನು ಬೇರೆ ಬೇಕಾದಷ್ಟಿದೆ. ಜಮೀನಿಗೆ ಬದಲು ಸಿಗುವುದು ಕೆಲಸ ಎಂಬುದು ನಮಗೆ ಕೊಟ್ಟ ಮಾತು. ಹಾಗಿದ್ದರೆ ಆ ಕೆಲಸ ಎಂಥದ್ದು ಎಂದು ಕೇಳುವ ಹಕ್ಕು ನಮಗಿದೆ.

ಕೆಲಸವಂತೂ ಬಂದಿದೆ. ಎಚ್‌ಎಎಲ್ ವರ್ಷಗಟ್ಟಲೆ ಎ320ಯ ಮುಂಬಾಗಿಲುಗಳನ್ನು ಮಾಡಿ ಕಳುಹಿಸಿದೆ. ಪೀಣ್ಯದ ಡೈನಮ್ಯಾಟಿಕ್ ಕಂಪನಿ ಎ320ಯ ರೆಕ್ಕೆಗೆ ಬೇಕಾದ ಭಾಗ ಮಾಡುತ್ತದೆ. ಬೆಳಗಾವಿಯ ಏಕಸ್ ಕೂಡ ಇದೇ ಕೆಲಸದಲ್ಲಿದೆ. ಲೋಕದ ಯಾವುದೋ ಮೂಲೆಯ ವಿಮಾನದಲ್ಲಿ ನಮ್ಮೂರ ಐಟಿಐ ಹುಡುಗಿ ಕೊರೆದ ರಂಧ್ರ, ನಮ್ಮ ಹುಡುಗ ಬಿಗಿದ ರಿವೆಟ್ ಇರುತ್ತದೆ.

ಆದ್ದರಿಂದ ಮಕ್ಕಳು ಇಂಥ ಕಾರ್ಖಾನೆಗೆ ಸೇರಿದಾಗ ಸಂಬಳದ ಜೊತೆ ಇನ್ನು ಮೂರು ಮಾತು ಕೇಳಿ. ಮಾಡುವ ಕೆಲಸ ಬದಲಾದಾಗ ಕೂರಿಸಿ ಕಲಿಸುತ್ತಾರೆಯೇ, ಅಥವಾ ಕಾಗದಕ್ಕೆ ಸಹಿ ಹಾಕಿಸಿಕೊಂಡು ಮುಗಿಸುತ್ತಾರೆಯೇ? ಬಿಚ್ಚಿದ ಪ್ರತಿ ಬೋಲ್ಟನ್ನೂ ಬರೆದಿಡಲು ಪುರುಸೊತ್ತು ಕೊಡುತ್ತಾರೆಯೇ? ಸರಿಯಿಲ್ಲ ಅನ್ನಿಸಿದಾಗ ‘ನಿಲ್ಲಿಸಿ’ ಎಂದರೆ ಮರುದಿನವೂ ಕೆಲಸ ಇರುತ್ತದೆಯೇ? ಗುತ್ತಿಗೆಯ ಮೇಲೆ ದುಡಿಯುವವರಿಗೆ ಈ ಮೂರನೆಯದೇ ಕಷ್ಟ.

ಹೇಳಿದರೆ ನಷ್ಟ ಎಂಬುದು ಸುಳ್ಳು ಲೆಕ್ಕ. 2025ರ ನವೆಂಬರ್ ಕೊನೆಯಲ್ಲಿ ಎ320 ಬಳಗದ ಒಂದು ಕಂಪ್ಯೂಟರಿನಲ್ಲಿ ತೊಂದರೆ ಇರಬಹುದೆಂದು ತಿಳಿದಾಗ, ಸುಮಾರು 6,000 ವಿಮಾನಗಳನ್ನು ಸರಿಪಡಿಸದೆ ಹಾರಿಸಬೇಡಿ ಎಂದು ಏರ್‌ಬಸ್ ತಾನೇ ಹೇಳಿತು. ಒಂದೆರಡು ದಿನ ವಿಮಾನಗಳು ತಡವಾದವು, ಜನ ಬೈದರು. ಕೆಲವೇ ದಿನಗಳಲ್ಲಿ ಬಹುಪಾಲು ವಿಮಾನಗಳು ಸರಿಯಾಗಿ ಹಾರಿದವು. ಎಂಕ್ಯಾಸ್ ಬಗ್ಗೆ ಕೈಪಿಡಿಯಲ್ಲಿ ಬರೆದು ಪೈಲಟ್‌ಗಳಿಗೆ ತರಬೇತಿ ಕೊಟ್ಟಿದ್ದರೆ ಬೋಯಿಂಗ್‌ಗೆ ಆಗುತ್ತಿದ್ದ ಖರ್ಚೂ ಅದು ಕೊನೆಗೆ ತೆತ್ತದ್ದರ ಮುಂದೆ ಏನೇನೂ ಅಲ್ಲ. ಆ 346 ಜನರ ಲೆಕ್ಕವಂತೂ ಯಾವ ಡಾಲರಿನಲ್ಲೂ ಸಿಗುವುದಿಲ್ಲ.